ದೋಷಯುಕ್ತ ಬಿಡಿಭಾಗದ ಹೊಣೆ: ಕಾರು ಕಂಪನಿಗಳಿಗೆ ಎರಕ ಕಳಿಸುವ ನಮ್ಮೂರಿನ ಸಣ್ಣ ಕಾರ್ಖಾನೆಗಳಿಗೊಂದು ಮಾರ್ಗದರ್ಶಿ

ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರ ಅಡಿಕೆ ಸುಲಿಯುವ ಯಂತ್ರದ ಪುಲ್ಲಿ ಒಡೆದರೆ ಅವರು ಅದನ್ನು ಚೀಲದಲ್ಲಿ ಹಾಕಿಕೊಂಡು ನೇರವಾಗಿ ಎರಕ ಹೊಯ್ದವರ ಬಾಗಿಲಿಗೆ ಬರುತ್ತಾರೆ. ಒಡೆದ ಜಾಗದಲ್ಲಿ ಗಾಳಿಗುಳ್ಳೆ ಕಂಡರೆ ಬೇರೊಂದು ಪುಲ್ಲಿ ಕೊಟ್ಟು, ಒಂದು ಲೋಟ ಕಾಫಿ ಕುಡಿಸಿ ಕಳಿಸಿದರೆ ಅಲ್ಲಿಗೆ ವ್ಯವಹಾರ ಮುಗಿಯುತ್ತದೆ. ಅದೇ ಕುಲುಮೆಯಲ್ಲಿ ಹೊಯ್ದ ಬ್ರೇಕ್ ಬ್ರಾಕೆಟ್ ಮಾಚೇನಹಳ್ಳಿಯಿಂದ ಹೊರಟು, ಒಂದು ಊರಿನ ಮೆಷಿನ್ ಶಾಪ್, ಇನ್ನೊಂದು ಊರಿನ ಬ್ರೇಕ್ ಜೋಡಣಾ ಘಟಕ, ಕೊನೆಗೆ ಕಾರು ಕಂಪನಿಯ ಅಸೆಂಬ್ಲಿ ಲೈನ್ ಹೀಗೆ ಮೂರು ಕೈ ದಾಟಿ ಯಾರದೋ ಕಾರಿನ ಅಡಿಗೆ ಸೇರಿದ ಮೇಲೆ ಅದರೊಳಗೆ ಅದೇ ಗಾಳಿಗುಳ್ಳೆ ಕಂಡುಬಂದರೆ, ನಷ್ಟದ ಲೆಕ್ಕ ನಮ್ಮ ಬಿಲ್ಲಿನಲ್ಲಿದ್ದ ನೂರೆಂಬತ್ತು ರೂಪಾಯಿಗೆ ನಿಲ್ಲುವುದಿಲ್ಲ. ಮೆಷಿನಿಂಗ್ ಖರ್ಚು, ಬಿಚ್ಚಿ ಮತ್ತೆ ಜೋಡಿಸಿದ ಕೂಲಿ, ಸಾಗಣೆ, ನಿಂತುಹೋದ ಲೈನಿನ ನಿಮಿಷಗಳು, ಇನ್ನೂ ಒಡೆಯದೆ ಇರುವ ಸಾವಿರಾರು ಬಿಡಿಭಾಗಗಳನ್ನು ಹೆಕ್ಕಿ ನೋಡಿದ ಖರ್ಚು, ಇವೆಲ್ಲ ಒಂದು ಡೆಬಿಟ್ ನೋಟ್‌ನಲ್ಲಿ (ಇಷ್ಟು ಹಣವನ್ನು ನಿಮ್ಮ ಬಾಕಿಯಿಂದ ಕಳೆಯುತ್ತೇವೆ ಎಂದು ಖರೀದಿದಾರರು ಕಳಿಸುವ ಚೀಟಿಯಲ್ಲಿ) ಸೇರಿ ಹಿಂದಿರುಗುತ್ತವೆ.

ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಇರುವ ಎರಕಶಾಲೆಗಳ ಕ್ವಾಲಿಟಿ ವಿಭಾಗದಲ್ಲಿ ಬಹಳ ವರ್ಷ ದುಡಿದವನಾಗಿ ನಾನು ಕಂಡಿರುವುದೇನೆಂದರೆ, ಇಂಥ ನೋಟ್ ಬಂದ ದಿನ ನಾವು ಫೋನಿನಲ್ಲಿ ಎಷ್ಟು ವಾದಿಸಿದರೂ ಫಲಿತಾಂಶ ಹೆಚ್ಚು ಬದಲಾಗುವುದಿಲ್ಲ. ಆರ್ಡರ್‌ಗೆ ಸಹಿ ಹಾಕಿದ ದಿನ ಏನು ಒಪ್ಪಿದ್ದೆವು, ಎರಕ ಹೊಯ್ದ ದಿನ ಏನು ಬರೆದಿಟ್ಟಿದ್ದೆವು ಎಂಬ ಎರಡು ಸಂಗತಿಗಳೇ ಬಹುಪಾಲು ಹೊಣೆಯನ್ನು ನಿರ್ಧರಿಸಿಬಿಟ್ಟಿರುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯ ಅರ್ಧಕ್ಕಿಂತ ಹೆಚ್ಚು ಭಾಗ ದೂರು ಬರುವುದಕ್ಕೆ ಮೊದಲು ಮಾಡಬೇಕಾದ ಕೆಲಸದ ಬಗ್ಗೆಯೇ ಇದೆ. ನಾನು ವಕೀಲನಲ್ಲ; ಇಲ್ಲಿ ಹೇಳಿದ ಕಾನೂನಿನ ಮಾತುಗಳನ್ನು ನಿಮ್ಮ ಕರಾರಿನ ಜೊತೆಗಿಟ್ಟು ಒಮ್ಮೆ ವಕೀಲರಿಗೆ ತೋರಿಸುವುದು ಒಳ್ಳೆಯದು.

ಮೊದಲ ಹೆಜ್ಜೆ: ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ

ಕಾರು ಕೊಂಡವರಿಗೆ ಯಾರು ಉತ್ತರ ಕೊಡಬೇಕು ಎಂಬುದು ಒಂದು ಪ್ರಶ್ನೆ; ಆ ಖರ್ಚನ್ನು ಕೊನೆಗೆ ಯಾರು ಹೊರಬೇಕು ಎಂಬುದು ಇನ್ನೊಂದು. ಇವೆರಡನ್ನೂ ಕಲಸಿಕೊಂಡರೆ ಮುಂದಿನ ಎಲ್ಲ ಮಾತೂ ದಾರಿ ತಪ್ಪುತ್ತದೆ.

ಮೊದಲನೆಯ ಪ್ರಶ್ನೆಗೆ ನೂರು ವರ್ಷಕ್ಕೂ ಹಿಂದೆಯೇ ಒಂದು ಸ್ಪಷ್ಟ ಉತ್ತರ ಸಿಕ್ಕಿದೆ. ಬ್ಯುಯಿಕ್ ಕಾರೊಂದರ ಚಕ್ರದ ಮರದ ಅರಗಳು ಪುಡಿಯಾಗಿ ಮ್ಯಾಕ್‌ಫರ್ಸನ್ ಎಂಬವರು ಗಾಯಗೊಂಡಾಗ, ಆ ಚಕ್ರವನ್ನು ತಾನು ಮಾಡಿದ್ದಲ್ಲ, ಬೇರೆ ಕಂಪನಿಯಿಂದ ಕೊಂಡದ್ದು ಎಂಬುದು ಕಾರು ಕಂಪನಿಯ ವಾದದ ಭಾಗವಾಗಿತ್ತು. 1916ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಪರೀಕ್ಷಿಸಿದ್ದರೆ ದೋಷ ಕಾಣುತ್ತಿತ್ತು, ಪರೀಕ್ಷಿಸುವುದು ಕಾರು ಮಾಡಿದವರ ಕರ್ತವ್ಯವಾಗಿತ್ತು ಎಂದಿತು. ನಮ್ಮಲ್ಲಿ 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 82ರಿಂದ 87ರವರೆಗಿನ ಕಲಮುಗಳು ಉತ್ಪನ್ನ ಹೊಣೆಗಾರಿಕೆಯ ಬಗ್ಗೆಯೇ ಇವೆ. ಅಲ್ಲಿ ಗಮನಿಸಬೇಕಾದದ್ದು ‘ತಯಾರಕ’ ಎಂಬ ಪದದ ವ್ಯಾಖ್ಯೆ: ಪೂರ್ಣ ವಸ್ತುವನ್ನು ಮಾಡುವವರಷ್ಟೇ ಅಲ್ಲ, ಅದರ ಭಾಗವನ್ನು ಮಾಡುವವರೂ, ಬೇರೆಯವರು ಮಾಡಿದ ಭಾಗಗಳನ್ನು ಜೋಡಿಸುವವರೂ, ತಮ್ಮ ಗುರುತು ಹಾಕಿ ಮಾರುವವರೂ ತಯಾರಕರೇ. ಅಂದರೆ ಅಪಘಾತದಲ್ಲಿ ಹಾನಿಗೊಳಗಾದವರು ಕಾರು ಕಂಪನಿಯ ಜೊತೆಗೆ ಬಿಡಿಭಾಗ ಮಾಡಿದವರನ್ನೂ ಪ್ರತಿವಾದಿಯಾಗಿ ಸೇರಿಸಬಹುದು. ‘ನಮ್ಮ ಹೆಸರು ಕಾರಿನ ಮೇಲಿಲ್ಲ’ ಎಂಬ ಸಮಾಧಾನ ನಮ್ಮಲ್ಲಿ ಅನೇಕರಿಗಿದೆ, ಅದು ನಂಬುವಂಥದ್ದಲ್ಲ.

ವಾಹನ ವಾಪಸಾತಿಯ ಹೊಣೆ ಮಾತ್ರ ನೇರವಾಗಿ ವಾಹನ ತಯಾರಕರ ಮೇಲಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 110ಎ ಕಲಮಿನ ಪ್ರಕಾರ ಕೇಂದ್ರ ಸರ್ಕಾರ ವಾಪಸಾತಿಗೆ ಆದೇಶಿಸಬಹುದು, ಮತ್ತು ದೋಷ ಒಂದು ಬಿಡಿಭಾಗದಲ್ಲಿದ್ದರೆ ಆ ಬಿಡಿಭಾಗ ಇರುವ ಎಲ್ಲ ವಾಹನಗಳನ್ನೂ, ಯಾವ ಕಂಪನಿಯ ಯಾವ ಮಾದರಿಯೇ ಆಗಿರಲಿ, ವಾಪಸ್ ಕರೆಸಬಹುದು. ಒಂದೇ ಪ್ಯಾಟರ್ನಿನಿಂದ (ಅಚ್ಚು ತೆಗೆಯುವ ಮೂಲ ಮಾದರಿಯಿಂದ) ಎರಡು ಮೂರು ಗಿರಾಕಿಗಳಿಗೆ ಎರಕ ಕಳಿಸುವವರು ಈ ಸಾಲನ್ನು ಎರಡು ಸಲ ಓದಬೇಕು. ಕಡ್ಡಾಯ ವಾಪಸಾತಿಯ ದಂಡ ಒಂದು ಕೋಟಿ ರೂಪಾಯಿಯವರೆಗೆ ಹೋಗುತ್ತದೆ. ಅದನ್ನು ಕಟ್ಟುವುದು ಕಾರು ಕಂಪನಿಯೇ ಆದರೂ, ಕಟ್ಟಿದ ಮೇಲೆ ಅದು ಯಾರ ಕಡೆ ತಿರುಗುತ್ತದೆ ಎಂಬುದು ನಮ್ಮ ಎರಡನೆಯ ಪ್ರಶ್ನೆ, ಮತ್ತು ಅದರ ಉತ್ತರ ಇರುವುದು ಕರಾರಿನಲ್ಲಿ.

ಎರಡನೆಯ ಹೆಜ್ಜೆ: ಸಹಿ ಹಾಕುವ ಮುನ್ನ ಓದಿ

ನಮ್ಮ ಕಡೆ ಪರ್ಚೇಸ್ ಆರ್ಡರ್ ಬಂತೆಂದರೆ ಮೊದಲು ದರ, ಆಮೇಲೆ ಪ್ರಮಾಣ, ಆಮೇಲೆ ಹಣ ಕೊಡುವ ಗಡುವು ನೋಡುವುದು ರೂಢಿ. ಹೊಣೆ ಇರುವುದು ಆರ್ಡರಿನ ಮುಖಪುಟದಲ್ಲಲ್ಲ. ‘ನಮ್ಮ ಸಾಮಾನ್ಯ ಷರತ್ತುಗಳು ಅನ್ವಯಿಸುತ್ತವೆ’ ಎಂಬ ಒಂದೇ ಸಾಲು ಎಳೆದು ತರುವ ನಲವತ್ತು ಐವತ್ತು ಪುಟಗಳಲ್ಲಿ, ಪ್ರತ್ಯೇಕವಾದ ಕ್ವಾಲಿಟಿ ಒಪ್ಪಂದದಲ್ಲಿ ಮತ್ತು ವಾರಂಟಿ ಒಪ್ಪಂದದಲ್ಲಿ. ಈ ಮೂರನ್ನೂ ಕೇಳಿ ತರಿಸಿಕೊಳ್ಳಿ.

ಕರಾರಿನಲ್ಲಿ ಏನೂ ಬರೆಯದಿದ್ದರೆ ಅನ್ವಯಿಸುವುದು 1930ರ ಸರಕು ಮಾರಾಟ ಕಾಯ್ದೆ. ಉದ್ದೇಶ ತಿಳಿಸಿ ಕೊಂಡ ಸರಕು ಆ ಉದ್ದೇಶಕ್ಕೆ ತಕ್ಕದ್ದಾಗಿರಬೇಕು, ಮಾರಲು ಯೋಗ್ಯ ಗುಣಮಟ್ಟದ್ದಾಗಿರಬೇಕು ಎಂದು 16ನೇ ಕಲಮು ಹೇಳುತ್ತದೆ. ಖರೀದಿದಾರ ಪರೀಕ್ಷಿಸಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷದ ಬಗ್ಗೆ ಈ ರಕ್ಷಣೆ ಅವರಿಗೆ ಸಿಗುವುದಿಲ್ಲ. ಒಳಗೆ ಅಡಗಿದ ಗುಳ್ಳೆಗೆ ಮಾತ್ರ ಸಿಗುತ್ತದೆ. 42ನೇ ಕಲಮಿನ ಪ್ರಕಾರ, ಸರಕು ಇನ್ನೂ ಮಾರಿದವರದೇ ಎಂಬುದಕ್ಕೆ ಹೊಂದದ ಕೆಲಸವನ್ನು ಖರೀದಿದಾರರು ಅದರ ಮೇಲೆ ಮಾಡಿದರೂ, ಸೂಕ್ತ ಕಾಲದೊಳಗೆ ತಿರಸ್ಕಾರ ತಿಳಿಸದೆ ಇಟ್ಟುಕೊಂಡರೂ ಸರಕನ್ನು ಸ್ವೀಕರಿಸಿದಂತೆ. ಎರಕವನ್ನು ಲೇತಿಗೆ ಹಾಕಿ ಕೊರೆದ ಮೇಲೆ ‘ಪೂರ್ತಿ ವಾಪಸ್’ ಎನ್ನುವ ಹಕ್ಕು ಸಾಮಾನ್ಯವಾಗಿ ಹೋಗಿ, ನಷ್ಟ ಪರಿಹಾರ ಕೇಳುವ ಹಕ್ಕಷ್ಟೇ ಉಳಿಯುತ್ತದೆ ಎಂದು ವಾದಿಸುವುದಕ್ಕೆ ಇದು ಆಧಾರ. ಆದರೆ ಅದೇ ಕಾಯ್ದೆಯ 62ನೇ ಕಲಮು, ಇವನ್ನೆಲ್ಲ ಕರಾರಿನಿಂದ ಬದಲಾಯಿಸಬಹುದು ಎನ್ನುತ್ತದೆ. ಕಾರು ಉದ್ಯಮದ ಬಹುತೇಕ ಕರಾರುಗಳು ಹಾಗೆ ಬದಲಾಯಿಸಿಯೇ ಇರುತ್ತವೆ.

ಓದುವಾಗ ನಾಲ್ಕು ಜಾಗಗಳಲ್ಲಿ ನಿಲ್ಲಿ. ವಾರಂಟಿಯ ಅವಧಿ ಎಂದಿನಿಂದ ಶುರುವಾಗುತ್ತದೆ ಎಂಬುದು ಒಂದು. ನಮ್ಮ ಗೇಟಿನಿಂದ ಲಾರಿ ಹೊರಟ ದಿನದಿಂದಲೇ ಎಂದು ನಾವು ತಿಳಿದಿರುತ್ತೇವೆ, ಕರಾರಿನಲ್ಲಿ ಕಾರು ಮಾರಾಟವಾದ ದಿನದಿಂದ ಎಂದಿರುತ್ತದೆ. ಸ್ಟಾಕಿನಲ್ಲಿ ಕೂತ ತಿಂಗಳುಗಳೆಲ್ಲ ನಮ್ಮ ತಲೆಯ ಮೇಲೆಯೇ. ಯಾವ ಯಾವ ಬಾಬ್ತಿನ ಖರ್ಚನ್ನು ನಮ್ಮಿಂದ ವಸೂಲಿ ಮಾಡಬಹುದು ಎಂಬುದು ಇನ್ನೊಂದು. 1872ರ ಕರಾರು ಕಾಯ್ದೆಯ 73ನೇ ಕಲಮು ಸಹಜವಾಗಿ ಉಂಟಾದ, ಅಥವಾ ಕರಾರಿನ ಹೊತ್ತಿಗೆ ಇಬ್ಬರಿಗೂ ತಿಳಿದಿದ್ದ ನಷ್ಟಕ್ಕೆ ಮಾತ್ರ ಪರಿಹಾರ ಕೊಡಿಸುತ್ತದೆ, ದೂರದ ಪರೋಕ್ಷ ನಷ್ಟಕ್ಕೆ ಅಲ್ಲ. ಲೈನ್ ನಿಂತರೆ ನಿಮಿಷಕ್ಕೆ ಇಷ್ಟು ಎಂದು ಕರಾರಿನಲ್ಲೇ ಬರೆದು ನಾವು ಸಹಿ ಹಾಕಿದ ಮೇಲೆ ಅದು ದೂರದ ನಷ್ಟ ಎಂದು ವಾದಿಸುವುದು ಕಷ್ಟ. ಹೆಚ್ಚೆಂದರೆ, ನಮೂದಿಸಿದ ಮೊತ್ತದ ಮಿತಿಯೊಳಗೆ ನ್ಯಾಯವಾದ ಪರಿಹಾರವನ್ನಷ್ಟೇ ಕೊಡಿಸಬೇಕು ಎನ್ನುವ 74ನೇ ಕಲಮಿನ ಆಸರೆ ಪಡೆಯಬಹುದು.

ಮೂರನೆಯದು ಹಂಚಿಕೆಯ ಸೂತ್ರ, ಮತ್ತು ಇದು ಬಹಳ ಜನರ ಕಣ್ಣು ತಪ್ಪಿಸಿಕೊಳ್ಳುತ್ತದೆ. ವಾರಂಟಿಯಲ್ಲಿ ಬದಲಾಯಿಸಿದ ಎಲ್ಲ ಬಿಡಿಭಾಗಗಳನ್ನೂ ಕಾರು ಕಂಪನಿ ನಮಗೆ ತೋರಿಸುವುದಿಲ್ಲ. ಉದಾಹರಣೆಗೆ ನೂರು ದೂರುಗಳಲ್ಲಿ ಇಪ್ಪತ್ತು ಬಿಡಿಭಾಗಗಳನ್ನು ತರಿಸಿ ಪರೀಕ್ಷಿಸಿ, ಅವುಗಳಲ್ಲಿ ಐದರಲ್ಲಿ ಎರಕದ ದೋಷ ಕಂಡರೆ, ನೂರರ ಖರ್ಚಿನಲ್ಲೂ ಶೇಕಡಾ 25 ನಮ್ಮದು ಎಂದು ಲೆಕ್ಕ ಹಾಕುತ್ತಾರೆ. ಸೂತ್ರವೇ ಅನ್ಯಾಯವೆಂದು ನಾನು ಹೇಳುವುದಿಲ್ಲ. ದೇಶದ ತುಂಬ ಚದುರಿದ ಸರ್ವಿಸ್ ಸೆಂಟರ್‌ಗಳಿಂದ ಪ್ರತಿ ತುಂಡನ್ನೂ ತರಿಸುವುದು ಆಗುವ ಮಾತಲ್ಲ. ಆದರೆ ಎಷ್ಟು ತುಂಡು ನೋಡಬೇಕು, ಯಾವ ಪ್ರದೇಶದವು, ನಮ್ಮವರು ಹಾಜರಿರಬಹುದೇ, ‘ದೋಷ ಕಂಡುಬಂದಿಲ್ಲ’ ಎಂದಾದವು ಯಾರ ಲೆಕ್ಕಕ್ಕೆ, ಶೇಕಡಾವಾರನ್ನು ಎಷ್ಟು ತಿಂಗಳಿಗೊಮ್ಮೆ ಮರುಲೆಕ್ಕ ಮಾಡಬೇಕು ಎಂಬ ಐದು ಸಂಗತಿಗಳನ್ನು ಬರೆಸಿಕೊಳ್ಳದೆ ಆ ಸೂತ್ರಕ್ಕೆ ಒಪ್ಪಬಾರದು.

ನಾಲ್ಕನೆಯದು ಮಿತಿ. ಎಲ್ಲ ಬಗೆಯ ನಷ್ಟವನ್ನೂ ಭರಿಸುತ್ತೇವೆ ಎಂಬ ಭರವಸೆಯ ಕಲಮಿಗೆ ಒಂದು ಗರಿಷ್ಠ ಮೊತ್ತ ಇರಬೇಕು. ಆ ಬಿಡಿಭಾಗದ ಒಂದು ವರ್ಷದ ವಹಿವಾಟನ್ನು ಮಿತಿಯಾಗಿ ಕೇಳಿ ನೋಡಬಹುದು. ‘ಅವರು ದೊಡ್ಡವರು, ನಮ್ಮ ಮಾತು ಕೇಳುತ್ತಾರಾ’ ಎಂದು ನೀವು ಹೇಳಬಹುದು. ಎಲ್ಲವನ್ನೂ ಕೇಳುವುದಿಲ್ಲ, ನಿಜ. ಆದರೆ ಮಿತಿಯಿಲ್ಲದ ಭರವಸೆಯಿಂದ ಅವರಿಗೂ ದೊಡ್ಡ ಲಾಭವಿಲ್ಲ ಎಂಬುದಕ್ಕೆ ಟಕಾಟಾ ಕಂಪನಿಯ ಏರ್‌ಬ್ಯಾಗ್ ಪ್ರಕರಣ ಸಾಕ್ಷಿ. ಅಮೋನಿಯಂ ನೈಟ್ರೇಟ್ ತುಂಬಿದ, ಏರ್‌ಬ್ಯಾಗನ್ನು ಉಬ್ಬಿಸುವ ಅದರ ಇನ್‌ಫ್ಲೇಟರ್‌ಗಳು ಸೆಕೆ ಮತ್ತು ತೇವಕ್ಕೆ ಕಾಲಕ್ರಮದಲ್ಲಿ ಕೆಟ್ಟು ಸಿಡಿಯುತ್ತಿದ್ದವು. ಅಮೆರಿಕದಲ್ಲೊಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳ ವಾಪಸಾತಿಯಾಯಿತು, 2017ರ ಜೂನ್‌ನಲ್ಲಿ ಟಕಾಟಾ ದಿವಾಳಿ ಅರ್ಜಿ ಹಾಕಿತು, ಖರ್ಚಿನ ಬಹುಪಾಲು ಕಾರು ಕಂಪನಿಗಳ ಮೇಲೆಯೇ ಬಿತ್ತು. ಇದಕ್ಕೆ ತದ್ವಿರುದ್ಧವಾಗಿ, ಶೆವರ್ಲೆ ಬೋಲ್ಟ್ ಕಾರಿನ ಬ್ಯಾಟರಿ ದೋಷದ ಸುಮಾರು 200 ಕೋಟಿ ಡಾಲರ್ ಖರ್ಚಿನಲ್ಲಿ 190 ಕೋಟಿಯಷ್ಟನ್ನು ಎಲ್‌ಜಿ ಕಡೆಯಿಂದ ಪಡೆಯುವುದಾಗಿ ಜನರಲ್ ಮೋಟಾರ್ಸ್ 2021ರಲ್ಲಿ ಪ್ರಕಟಿಸಿತು. ಕಾಗದದ ಮೇಲಿನ ಹೊಣೆ ಹೊರುವವರ ಶಕ್ತಿಯನ್ನು ಮೀರಿದರೆ ಅದು ವಸೂಲಾಗುವುದಿಲ್ಲ ಎಂಬುದನ್ನು ಮಾತುಕತೆಯ ಮೇಜಿನಲ್ಲಿ ವಿನಯದಿಂದಲೇ ಹೇಳಬಹುದು.

ಮೂರನೆಯ ಹೆಜ್ಜೆ: ಡ್ರಾಯಿಂಗ್ ಯಾರದು ಎಂದು ಬರೆದಿಡಿ

ಬಿಡಿಭಾಗ ಡ್ರಾಯಿಂಗಿಗೆ ಹೊಂದದೆ ಒಡೆದರೆ ಅದು ತಯಾರಿಕೆಯ ದೋಷ. ಡ್ರಾಯಿಂಗಿಗೆ ಹೊಂದಿಯೂ ಒಡೆದರೆ ವಿನ್ಯಾಸದ ದೋಷ. ಗಿರಾಕಿಯ ಡ್ರಾಯಿಂಗಿನಂತೆ ಎರಕ ಹೊಯ್ದು ಕೊಡುವವರಿಗೆ ಎರಡನೆಯ ಬಗೆಯ ಹೊಣೆ ಇರಬಾರದು. ಆದರೆ ಕೆಲಸ ಪಡೆಯುವ ಉತ್ಸಾಹದಲ್ಲಿ ‘ಈ ಮೂಲೆಗೆ ರೇಡಿಯಸ್ ಹೆಚ್ಚಿಸೋಣ, ಇಲ್ಲಿ ಎರಡು ಮಿಲಿಮೀಟರ್ ಕಡಿಮೆ ಮಾಡಿದರೆ ತೂಕ ಉಳಿಯುತ್ತದೆ’ ಎಂದು ನಾವೇ ಸೂಚಿಸಿ, ಅದನ್ನು ಅವರು ಒಪ್ಪಿ, ಆ ಒಪ್ಪಿಗೆ ಎಲ್ಲೂ ದಾಖಲಾಗದೆ ಹೋದರೆ ಗಡಿ ಅಳಿಸಿಹೋಗುತ್ತದೆ. ನೀವು ಸೂಚಿಸಿದ ಪ್ರತಿ ಬದಲಾವಣೆಯೂ ಗಿರಾಕಿಯ ಹೊಸ ರಿವಿಷನ್ ನಂಬರಿನ ಡ್ರಾಯಿಂಗ್ ಆಗಿ ವಾಪಸ್ ಬರುವವರೆಗೆ ಪ್ಯಾಟರ್ನ್ ಮುಟ್ಟಬೇಡಿ.

ಮೊದಲ ಮಾದರಿಗಳ ಒಪ್ಪಿಗೆಗಾಗಿ ಸಲ್ಲಿಸುವ ಪಿಪಿಎಪಿ ಕಡತವನ್ನು ನಮ್ಮಲ್ಲಿ ಹಲವರು ಒಂದು ಪೀಡೆಯೆಂದೇ ಎಣಿಸುತ್ತಾರೆ. ಅದರ ಹದಿನೆಂಟು ಅಂಶಗಳನ್ನು ತುಂಬುವುದು ಬೇಸರದ ಕೆಲಸವೇ. ಆದರೂ ಯಾವ ವಿನ್ಯಾಸಕ್ಕೆ, ಯಾವ ಲೋಹಕ್ಕೆ, ಯಾವ ಕ್ರಮದ ತಯಾರಿಕೆಗೆ ಗಿರಾಕಿ ಒಪ್ಪಿಗೆ ಕೊಟ್ಟರು ಎಂಬುದಕ್ಕೆ ಅವರ ಸಹಿ ಇರುವ ದಾಖಲೆ ಅದೊಂದೇ. ಅದಾದ ಮೇಲೆ ಮರಳು, ಬೈಂಡರ್, ಕುಲುಮೆ, ಉಷ್ಣೋಪಚಾರ ಮಾಡಿಸುವ ಜಾಗ ಯಾವುದನ್ನು ಬದಲಾಯಿಸುವುದಿದ್ದರೂ ಮೊದಲು ಲಿಖಿತವಾಗಿ ತಿಳಿಸಿ. ಅಳತೆ ಸ್ವಲ್ಪ ತಪ್ಪಿದ ಲಾಟನ್ನು ‘ಈ ಸಲ ಕಳಿಸಿ, ಲೈನ್ ನಿಲ್ಲುತ್ತೆ’ ಎಂದು ಅವರ ಎಂಜಿನಿಯರ್ ಫೋನಿನಲ್ಲಿ ಹೇಳಿದರೆ, ಪ್ರಮಾಣ ಮತ್ತು ದಿನಾಂಕ ನಮೂದಿಸಿದ ಡೀವಿಯೇಶನ್ ಪತ್ರ (ಅಳತೆ ತಪ್ಪಿದ್ದರೂ ಒಪ್ಪುತ್ತೇವೆ ಎಂಬ ಲಿಖಿತ ಒಪ್ಪಿಗೆ) ಬರುವವರೆಗೆ ಲಾರಿ ಬಿಡಬೇಡಿ. ಹೇಳಿದವರು ಆರು ತಿಂಗಳಲ್ಲಿ ಕೆಲಸ ಬದಲಾಯಿಸಿರುತ್ತಾರೆ.

ಬದಲಾವಣೆಯನ್ನು ಗುರುತಿಸದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜನರಲ್ ಮೋಟಾರ್ಸ್‌ನ ಇಗ್ನಿಷನ್ ಸ್ವಿಚ್ ಪ್ರಕರಣ ನೋಡಬೇಕು. ಓಡುವಾಗಲೇ ಎಂಜಿನ್ ಆಫ್ ಆಗಿ ಏರ್‌ಬ್ಯಾಗ್ ತೆರೆಯದಂತಾಗುತ್ತಿದ್ದ ಆ ಸ್ವಿಚ್ಚನ್ನು ಪೂರೈಸುತ್ತಿದ್ದುದು ಡೆಲ್ಫಿ ಕಂಪನಿ. 2006ರ ಸುಮಾರಿಗೆ ಒಳಗಿನ ಭಾಗವನ್ನು ಸುಧಾರಿಸಲು ಕಾರು ಕಂಪನಿಯ ಎಂಜಿನಿಯರ್ ಒಪ್ಪಿಗೆ ಕೊಟ್ಟರು. ಪಾರ್ಟ್ ನಂಬರ್ ಮಾತ್ರ ಹಳೆಯದೇ ಉಳಿಯಿತು. ಹಳೆಯ ಸ್ವಿಚ್ ಯಾವುದು, ಹೊಸದು ಯಾವುದು ಎಂದು ತನಿಖೆ ಮಾಡುವವರಿಗೇ ವರ್ಷಗಟ್ಟಲೆ ತಿಳಿಯಲಿಲ್ಲ. 2014ರಲ್ಲಿ ಸುಮಾರು 26 ಲಕ್ಷ ಕಾರುಗಳು ವಾಪಸಾದವು. ಕಂಪನಿ ಸ್ಥಾಪಿಸಿದ ಪರಿಹಾರ ನಿಧಿಯೇ 124 ಸಾವುಗಳನ್ನು ಒಪ್ಪಿಕೊಂಡಿತು.

ನಾಲ್ಕನೆಯ ಹೆಜ್ಜೆ: ಹೀಟ್ ನಂಬರನ್ನು ಕಾಪಾಡಿ

ಇಷ್ಟು ಹೊತ್ತು ಕಾಗದದ ಮಾತಾಯಿತು. ಇನ್ನು ಕುಲುಮೆಯ ಬಳಿ ಬರೋಣ. ಒಮ್ಮೆಗೆ ಕರಗಿಸಿದ ಲೋಹವೇ ಒಂದು ಹೀಟ್; ಅದರ ಗುರುತಿನ ಸಂಖ್ಯೆ ಹೀಟ್ ನಂಬರ್.

ಎಸ್‌ಜಿ ಐರನ್ (ಒಳಗಿನ ಗ್ರಾಫೈಟ್ ಗುಂಡಗಿರುವ ಎರಕದ ಕಬ್ಬಿಣ) ಹೊಯ್ಯುವವರಿಗೆಲ್ಲ ಗೊತ್ತು: ಮೆಗ್ನೀಸಿಯಂ ಹಾಕಿದ ಕ್ಷಣದಿಂದ ಅದರ ಪ್ರಭಾವ ಇಳಿಯುತ್ತ ಹೋಗುತ್ತದೆ, ಸುಮಾರು ಹತ್ತು ನಿಮಿಷದೊಳಗೆ ಲೇಡಲ್ (ಕರಗಿದ ಲೋಹದ ಪಾತ್ರೆ) ಖಾಲಿಯಾಗಬೇಕು. ತಡವಾಗಿ ಹೊಯ್ದ ಕೊನೆಯ ಅಚ್ಚುಗಳಲ್ಲಿ ಗ್ರಾಫೈಟ್ ಗುಂಡಗಾಗುವುದಿಲ್ಲ, ಹೊರಗಿನಿಂದ ನೋಡಿದರೆ ಎರಕ ಲಕ್ಷಣವಾಗಿಯೇ ಇರುತ್ತದೆ. ಒಂದು ಸಲ ನಾವು ಹೊಯ್ದ ಬ್ರಾಕೆಟ್‌ಗಳಲ್ಲಿ ಇಂಥ ದೋಷ ಗಿರಾಕಿಯ ಕಡೆ ಪತ್ತೆಯಾಯಿತು. ಪ್ರತಿ ಎರಕದ ಮೇಲೂ ಹೀಟ್ ನಂಬರ್ ಮೂಡಿತ್ತು, ಆ ಹೀಟಿನ ಲೋಹದ ಸಂಯೋಜನೆ ತೋರಿಸುವ ಸ್ಪೆಕ್ಟ್ರೋ ವರದಿಯೂ ಹೊಯ್ದ ಸಮಯದ ನಮೂದೂ ಇತ್ತು. ನಲವತ್ತು ತುಂಡುಗಳನ್ನು ಬೇರೆ ಮಾಡಿ, ಬದಲಿ ಕಳಿಸಿ ಎರಡು ದಿನದಲ್ಲಿ ಮುಗಿಸಿದೆವು. ಮುಂದಿನ ವರ್ಷ ಅದೇ ಬಗೆಯ ದೂರು ಬಂದಾಗ, ರಾತ್ರಿ ಪಾಳಿಯಲ್ಲಿ ಪ್ಯಾಟರ್ನಿನ ನಂಬರ್ ಪ್ಲೇಟ್ ಬದಲಾಯಿಸುವುದನ್ನು ಯಾರೋ ಮರೆತಿದ್ದರಿಂದ ಮೂರು ಹೀಟುಗಳಿಗೆ ಒಂದೇ ನಂಬರ್ ಬಿದ್ದಿತ್ತು, ಉಳಿದ ಕೆಲವು ತುಂಡುಗಳಲ್ಲಿ ಶಾಟ್ ಬ್ಲಾಸ್ಟಿಂಗ್ (ಉಕ್ಕಿನ ಕಾಳು ಹೊಡೆದು ಶುಚಿ ಮಾಡುವುದು) ಆದ ಮೇಲೆ ಅಂಕಿಯೇ ಓದಲಾಗುತ್ತಿರಲಿಲ್ಲ. ಯಾವುದು ಕೆಟ್ಟದ್ದು ಎಂದು ತೋರಿಸಲಾಗದೆ ಮೂರು ವಾರದ ಮಾಲನ್ನು ಅನುಮಾನದ ಮಾಲೆಂದು ಒಪ್ಪಿಕೊಂಡೆವು. ಎರಡು ಸಲವೂ ನಿಜವಾಗಿ ಕೆಟ್ಟ ತುಂಡುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಎರಡನೆಯ ಸಲದ ಖರ್ಚು ನಮ್ಮ ಆ ವರ್ಷದ ಲಾಭವನ್ನು ತಿಂದುಹಾಕಿತು.

ಆದ್ದರಿಂದ ಪ್ರತಿ ಹೀಟಿಗೂ ಒಂದು ಪುಟ ಇರಲಿ: ಚಾರ್ಜಿನ ವಿವರ, ರಾಸಾಯನಿಕ ಸಂಯೋಜನೆ, ಮೆಗ್ನೀಸಿಯಂ ಹಾಕಿದ ಸಮಯ, ಕೊನೆಯ ಅಚ್ಚು ಹೊಯ್ದ ಸಮಯ, ಮರಳಿನ ತೇವಾಂಶ, ಸೂಕ್ಷ್ಮರಚನೆಯ ಚಿತ್ರ, ಗಡಸುತನ. ಟೆಸ್ಟ್ ಬಾರಿನ ಮುರಿದ ತುಂಡುಗಳನ್ನು ಗುಜರಿಗೆ ಹಾಕಬೇಡಿ. ಮಲೆನಾಡಿನ ಮಳೆಗಾಲಕ್ಕೆ ಇನ್ನಷ್ಟು ಎಚ್ಚರ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದ ಮರಳು, ಗುಜರಿ, ಸಿಒ2 ಕೋರುಗಳು (ಎರಕದೊಳಗೆ ಟೊಳ್ಳು ಬಿಡಿಸಲು ಇಂಗಾಲದ ಡೈಆಕ್ಸೈಡ್‌ನಿಂದ ಗಟ್ಟಿ ಮಾಡಿದ ಮರಳಿನ ತುಂಡುಗಳು) ಎಲ್ಲವೂ ತೇವ ಎಳೆಯುತ್ತವೆ; ಗುಳ್ಳೆಗಳ ದೂರು ಜಾಸ್ತಿಯಾಗುವುದು ಆಗಲೇ. ಕೋರನ್ನು ಎಷ್ಟು ಹೊತ್ತಿಗೆ ಮಾಡಿ ಎಷ್ಟು ಹೊತ್ತಿಗೆ ಅಚ್ಚಿನಲ್ಲಿಟ್ಟಿರಿ ಎಂಬುದನ್ನು ಆ ನಾಲ್ಕು ತಿಂಗಳು ತಪ್ಪದೆ ಬರೆಯಿರಿ. ಮೆಷಿನಿಂಗ್ ಮಾಡಿದ ಮಾಲು ತುಕ್ಕು ಹಿಡಿದು ತಲುಪಿದರೆ ಅದು ಸಾಗಣೆಯ ದೋಷವೋ ಪ್ಯಾಕಿಂಗಿನದೋ ಎಂಬ ಜಗಳವೂ ಸಾಮಾನ್ಯ. ಎಣ್ಣೆ ಹಚ್ಚಿ ತುಕ್ಕುನಿರೋಧಕ ಚೀಲದಲ್ಲಿ ಮುಚ್ಚಿದ ಫೋಟೋ ಇದ್ದರೆ ಆ ಜಗಳ ಬೇಗ ಮುಗಿಯುತ್ತದೆ.

ಕಡತಗಳನ್ನು ಎಷ್ಟು ಕಾಲ ಇಡಬೇಕು? ಕಾರು ಉದ್ಯಮದ ಗುಣಮಟ್ಟ ಮಾನದಂಡವಾದ ಐಎಟಿಎಫ್ 16949 ಪ್ರಕಾರ, ಪಿಪಿಎಪಿಯಂಥ ದಾಖಲೆಗಳನ್ನು ಆ ಬಿಡಿಭಾಗ ತಯಾರಿಕೆಯಲ್ಲಿ ಮತ್ತು ಸ್ಪೇರ್ ಆಗಿ ಬಳಕೆಯಲ್ಲಿರುವಷ್ಟು ಕಾಲ, ಜೊತೆಗೆ ಒಂದು ವರ್ಷ. ಹೀಟ್ ಪುಟಗಳನ್ನೂ ಅಷ್ಟೇ ಕಾಲ ಇಡಿ ಎಂಬುದು ನನ್ನ ಸಲಹೆ. ಗೆದ್ದಲಿಗೆ ಸಿಗದಂತೆ ಸ್ಕ್ಯಾನ್ ಮಾಡಿಸಿಡಿ.

ಐದನೆಯ ಹೆಜ್ಜೆ: ದೂರು ಬಂದ ದಿನ

ಮೊದಲ 24 ಗಂಟೆಯಲ್ಲಿ ಮಾಡಬೇಕಾದ್ದು ಅನುಮಾನದ ಮಾಲನ್ನು ತಡೆಯುವುದು. ನಮ್ಮ ಗೋಡೌನಿನಲ್ಲಿ, ದಾರಿಯಲ್ಲಿರುವ ಲಾರಿಯಲ್ಲಿ, ಮೆಷಿನ್ ಶಾಪಿನಲ್ಲಿ, ಗಿರಾಕಿಯ ಸ್ಟೋರಿನಲ್ಲಿ ಆ ಹೀಟಿನ ತುಂಡುಗಳು ಎಷ್ಟಿವೆ ಎಂದು ಲೆಕ್ಕ ಕೊಡಿ. ದೋಷ ನಮಗೇ ಮೊದಲು ಗೊತ್ತಾಗಿದ್ದರೆ, ಮಾಲು ಹೊರಟುಹೋಗಿದ್ದರೂ, ಗಿರಾಕಿಗೆ ಕೂಡಲೇ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟು ಸಿಕ್ಕಿಬಿದ್ದವರ ಆರ್ಡರ್ ಉಳಿದದ್ದನ್ನು ನಾನು ನೋಡಿಲ್ಲ.

ಉತ್ತರ ಬರೆಯುವಾಗ ಎರಡು ವಾಕ್ಯಗಳನ್ನು ಬೇರೆ ಬೇರೆಯಾಗಿ ಬರೆಯಿರಿ. ‘ಅನುಮಾನದ ಮಾಲನ್ನು ಬದಲಾಯಿಸಿ ಕೊಡುತ್ತೇವೆ’ ಎಂಬುದು ಸಹಕಾರ. ‘ದೋಷ ನಮ್ಮದು’ ಎಂಬುದು ಒಪ್ಪಿಗೆ. ಕಾರಣ ಗೊತ್ತಾಗುವ ಮೊದಲೇ, ಎದುರಿನವರನ್ನು ಸಮಾಧಾನಪಡಿಸಲೆಂದು ಎರಡನೆಯದನ್ನು ಬರೆಯುವ ಅಭ್ಯಾಸ ನಮ್ಮಲ್ಲಿ ಹೆಚ್ಚು, ಮುಂದೆ ಅದೇ ಇಮೇಲ್ ಸಾಕ್ಷಿಯಾಗುತ್ತದೆ. ‘ಹೊಣೆಯ ಪ್ರಶ್ನೆಯನ್ನು ಜಂಟಿ ಪರೀಕ್ಷೆಯ ನಂತರಕ್ಕೆ ಕಾಯ್ದಿರಿಸಿ’ ಎಂಬ ಮಾತು ಪತ್ರದಲ್ಲಿರಲಿ. ಒಡೆದ ತುಂಡನ್ನು ಕೇಳಿ ತರಿಸಿಕೊಳ್ಳಿ. ಒಡೆದ ಮೈಯನ್ನು ಉಜ್ಜಬಾರದು, ಎರಡು ಚೂರುಗಳನ್ನು ಕೂಡಿಸಿ ನೋಡಬಾರದು ಎಂದೂ ತಿಳಿಸಿ.

ಆರನೆಯ ಹೆಜ್ಜೆ: ಒಡೆದ ಮೈಯನ್ನು ಓದಿಸಿ

ದೂರಿನ ಕಾರಣ ಮತ್ತು ಪರಿಹಾರವನ್ನು ಎಂಟು ಹಂತಗಳಲ್ಲಿ ಬರೆದುಕೊಡುವ 8ಡಿ ವರದಿಯಲ್ಲಿ ‘ಆಪರೇಟರ್ ನಿರ್ಲಕ್ಷ್ಯ, ತರಬೇತಿ ಕೊಡಲಾಗಿದೆ’ ಎಂದು ಬರೆದು ಕೈತೊಳೆದುಕೊಳ್ಳುವುದು ಎಲ್ಲರಿಗಿಂತ ನಮಗೇ ನಷ್ಟ. ಹಾಗೆ ಬರೆದರೆ ಪೂರ್ತಿ ಹೊಣೆಯನ್ನು ನಾವೇ ಎತ್ತಿಕೊಂಡ ಹಾಗೆ. ಒಡೆದ ಮೈಯಲ್ಲಿ ಕಡಲ ದಂಡೆಯ ಅಲೆಗುರುತಿನಂಥ ಗೆರೆಗಳಿದ್ದರೆ ಬಿರುಕು ದಿನಗಟ್ಟಲೆ ಬೆಳೆದು ಒಡೆದಿದೆ ಎಂದರ್ಥ. ಆಗ ಬಿರುಕು ಹುಟ್ಟಿದ ಜಾಗ ಮುಖ್ಯ. ಅಲ್ಲಿ ಲೋಹ ತಣಿದು ಕುಗ್ಗುವಾಗ ಉಳಿದ ಕುಗ್ಗುಗುಳಿಯೋ ಮರಳಿನ ಕಣವೋ ಇದ್ದರೆ ನಮ್ಮ ಕಡೆ ಬೆರಳು ತೋರುತ್ತದೆ. ಲೋಹ ಸ್ವಚ್ಛವಾಗಿದ್ದು ಬಿರುಕು ಬೋಲ್ಟಿನ ತೂತಿನ ಅಂಚಿನಿಂದ ಹೊರಟಿದ್ದರೆ ಮೆಷಿನಿಂಗಿನ ಚೂಪು ಅಂಚನ್ನೋ, ಜೋಡಣೆಯಲ್ಲಿ ಅತಿಯಾಗಿ ಬಿಗಿದದ್ದನ್ನೋ ಪರಿಶೀಲಿಸಬೇಕು. ಕುಗ್ಗುಗುಳಿ ಇದ್ದರೂ ಅದು ದಪ್ಪ ತೆಳು ಗೋಡೆಗಳು ಕೂಡುವ ಮೂಲೆಯಲ್ಲೇ ಪ್ರತಿ ಸಲ ಬರುತ್ತಿದ್ದು, ಆ ಮೂಲೆಯ ಬಗ್ಗೆ ನೀವು ಮೊದಲೇ ಲಿಖಿತವಾಗಿ ಎಚ್ಚರಿಸಿದ್ದರೆ ಹೊಣೆ ಹಂಚಿಕೆಯಾಗಬೇಕು.

ಬಳಕೆಯ ಕಾರಣವೂ ಉಂಟು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಬ್ರೇಕ್ ಮೇಲಿನ ಕಾಲು ತೆಗೆಯದೆ ಇಳಿದ ಕಾರಿನ ಡಿಸ್ಕ್ ಕಾದು ನೀಲಿಯಾಗಿ ಬಿರುಕು ಬಿಟ್ಟರೆ ಅದು ಎರಕದ ದೋಷವಾಗುವುದಿಲ್ಲ. ಘಾಟಿ ರಸ್ತೆ ಈ ದೇಶದಲ್ಲಿ ಅನಿರೀಕ್ಷಿತ ಸಂಗತಿಯೂ ಅಲ್ಲವಾದ್ದರಿಂದ, ಅದಕ್ಕೆ ತಕ್ಕಂತೆ ಡಿಸ್ಕ್‌ನ ಗಾತ್ರ ನಿಗದಿ ಮಾಡುವುದು ವಿನ್ಯಾಸಕಾರರ ಕೆಲಸ.

ಪರೀಕ್ಷೆಯನ್ನು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲಿ, ಎರಡೂ ಕಡೆಯವರು ಒಪ್ಪಿದ ಮಾದರಿಯ ಮೇಲೆ ಮಾಡಿಸಿ. ಗಿರಾಕಿಯ ಪ್ರಯೋಗಾಲಯದ ವರದಿಯೊಂದನ್ನೇ ನಂಬುವುದೂ, ನಮ್ಮದನ್ನೇ ನಂಬಿ ಎಂದು ಹಟ ಹಿಡಿಯುವುದೂ ಮುಂದೆ ಉಪಯೋಗಕ್ಕೆ ಬರುವುದಿಲ್ಲ. ಫೋರ್ಡ್ ಮತ್ತು ಫೈರ್‌ಸ್ಟೋನ್ ಇದಕ್ಕೆ ದೊಡ್ಡ ಉದಾಹರಣೆ. ಎಕ್ಸ್‌ಪ್ಲೋರರ್ ವಾಹನಗಳ ಟಯರ್ ಕಿತ್ತು ಉರುಳಿದ ಅಪಘಾತಗಳಿಗೆ ಟಯರೇ ಕಾರಣ ಎಂದು ಫೋರ್ಡ್, ವಾಹನದ ವಿನ್ಯಾಸವೂ ಶಿಫಾರಸು ಮಾಡಿದ ಕಡಿಮೆ ಗಾಳಿಯ ಒತ್ತಡವೂ ಕಾರಣ ಎಂದು ಟಯರ್ ಮಾಡಿದ ಫೈರ್‌ಸ್ಟೋನ್ ವಾದಿಸಿ, 2001ರಲ್ಲಿ ಸುಮಾರು ನೂರು ವರ್ಷದ ಸಂಬಂಧವನ್ನೇ ಕಡಿದುಕೊಂಡರು.

ಏಳನೆಯ ಹೆಜ್ಜೆ: ಡೆಬಿಟ್ ನೋಟ್ ಬಂದಾಗ

ಮೊತ್ತವನ್ನು ನೋಡಿ ಗಾಬರಿಯಾಗುವ ಮೊದಲು ಅದನ್ನು ಬಾಬ್ತುಗಳಾಗಿ ಬಿಡಿಸಿ ಕೇಳಿ, ಪ್ರತಿಯೊಂದಕ್ಕೂ ಕರಾರಿನ ಯಾವ ಕಲಮು ಆಧಾರ ಎಂದು ಪಕ್ಕದಲ್ಲಿ ಬರೆಯಿರಿ. ಆಧಾರವಿಲ್ಲದ ಬಾಬ್ತನ್ನು ಲಿಖಿತವಾಗಿ ನಿರಾಕರಿಸಿ. ಸುಮ್ಮನಿದ್ದರೆ ಮುಂದಿನ ಬಿಲ್ಲಿನಲ್ಲಿ ಆ ಮೊತ್ತವನ್ನು ಮುರಿದುಕೊಂಡು ಹಣ ಕೊಡುತ್ತಾರೆ. ಜಿಎಸ್‌ಟಿ ಲೆಕ್ಕದಲ್ಲಿ ಖರೀದಿದಾರರ ಡೆಬಿಟ್ ನೋಟ್‌ನಿಂದ ನಿಮ್ಮ ತೆರಿಗೆ ಇಳಿಯುವುದಿಲ್ಲ. ವಾಪಸಾದ ಮಾಲಿಗೆ ಜಿಎಸ್‌ಟಿ ಕಾಯ್ದೆಯ 34ನೇ ಕಲಮಿನಂತೆ ನೀವೇ ಬಿಲ್ಲಿನ ಮೊತ್ತ ಇಳಿಸುವ ಕ್ರೆಡಿಟ್ ನೋಟ್ ಕೊಡಬೇಕು, ಅದನ್ನು ಆ ಹಣಕಾಸು ವರ್ಷ ಮುಗಿದ ಮುಂದಿನ ನವೆಂಬರ್ 30ರೊಳಗೆ ರಿಟರ್ನಿನಲ್ಲಿ ತೋರಿಸಬೇಕು.

ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಘಟಕವಾಗಿದ್ದರೆ 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ನಿಮ್ಮ ಕೈಯಲ್ಲಿದೆ. ಸರಕು ತಲುಪಿದ 15 ದಿನದೊಳಗೆ ಖರೀದಿದಾರರು ಲಿಖಿತ ಆಕ್ಷೇಪ ಎತ್ತದಿದ್ದರೆ ತಲುಪಿದ ದಿನವೇ ಸ್ವೀಕರಿಸಿದಂತೆ. ಅಲ್ಲಿಂದ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆರು ತಿಂಗಳ ಹಿಂದಿನ ಮಾಲಿನ ದೂರು ಹೇಳಿ ಈಗಿನ ಬಿಲ್ ತಡೆಹಿಡಿಯುವವರಿಗೆ ಈ ಸಾಲನ್ನು ನೆನಪಿಸಬಹುದು. ಒಳಗಿನ ದೋಷದ ಪರಿಹಾರ ಕೇಳುವ ಹಕ್ಕು ಇದರಿಂದ ಅಳಿಯುವುದಿಲ್ಲ ಎಂಬುದನ್ನು ನಾವೂ ನೆನಪಿಡಬೇಕು. ಅರ್ಜಿಯನ್ನು ಇಂಥ ಬಾಕಿಯ ವ್ಯಾಜ್ಯಗಳನ್ನು ತೀರಿಸುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಸಲ್ಲಿಸಬಹುದು. ಕೌನ್ಸಿಲ್ ಮುಂದೆ ಖರೀದಿದಾರರು ಪ್ರತಿ-ಕ್ಲೇಮು ಹೂಡಬಹುದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಕರಾರು ಮತ್ತು ಪೂರೈಕೆ ಆದ ನಂತರ ಮಾಡಿಸಿದ ನೋಂದಣಿ ಹಿಂದಿನ ವ್ಯವಹಾರಕ್ಕೆ ಅನ್ವಯಿಸುವುದಿಲ್ಲ ಎಂದು 2022ರಲ್ಲಿ ಹೇಳಿದೆ. ದೋಷದ ದಾಖಲೆ ಕೈಯಲ್ಲಿಲ್ಲದೆ ಕೌನ್ಸಿಲ್‌ಗೆ ಹೋದರೆ ಬಾಕಿ ಕೇಳಲು ಹೋಗಿ ನಷ್ಟ ಕಟ್ಟಿ ಬರುವ ಸಂಭವವೂ ಇದೆ.

ಎಂಟನೆಯ ಹೆಜ್ಜೆ: ನಿಮ್ಮಿಂದ ಕೆಳಗಿನವರು, ಮತ್ತು ವಿಮೆ

ನಾವು ಮೇಲಿನವರಿಗೆ ಒಪ್ಪಿಕೊಂಡ ಷರತ್ತುಗಳು ನಮ್ಮಿಂದ ಕೆಲಸ ಪಡೆಯುವ ಉಷ್ಣೋಪಚಾರದವರಿಗೆ, ಪ್ಲೇಟಿಂಗಿನವರಿಗೆ, ಜಾಬ್ ವರ್ಕ್ ಲೇತಿನವರಿಗೆ ಗೊತ್ತೇ ಇರುವುದಿಲ್ಲ. ಆಟೋ ಕಾಂಪ್ಲೆಕ್ಸಿನ ಒಂದೇ ಶೆಡ್ಡಿನಲ್ಲಿ ಎರಡು ಲೇತು ಇಟ್ಟುಕೊಂಡವರ ಮೇಲೆ ವಾಪಸಾತಿಯ ಹೊಣೆ ಹೊರಿಸುವುದು ಹಾಸ್ಯಾಸ್ಪದ. ಆದರೂ ಡ್ರಾಯಿಂಗಿನ ರಿವಿಷನ್ ನಂಬರ್, ಹೀಟ್ ನಂಬರ್ ಕಲಸಬಾರದು ಎಂಬ ಷರತ್ತು, ಕೆಟ್ಟ ತುಂಡನ್ನು ಅಡಗಿಸದೆ ಕೆಂಪು ಬಣ್ಣ ಹಚ್ಚಿ ವಾಪಸ್ ಕೊಡಬೇಕು ಎಂಬ ಮಾತು, ಇಷ್ಟನ್ನು ಅವರಿಗೆ ಕೊಡುವ ಚಲನ್ನಿನಲ್ಲೇ ಕನ್ನಡದಲ್ಲಿ ಅಚ್ಚು ಹಾಕಿಸಿ.

ವಿಮೆಯ ವಿಷಯದಲ್ಲಿ, ಕಾರ್ಖಾನೆಗೆ ಮಾಡಿಸಿದ ಬೆಂಕಿ ವಿಮೆ ಇದಕ್ಕೆ ಬರುವುದಿಲ್ಲ. ಉತ್ಪನ್ನ ಹೊಣೆಗಾರಿಕೆಯ ಪಾಲಿಸಿ ಬೇರೆ; ಅದು ಮೂರನೆಯವರಿಗಾದ ಗಾಯ ಮತ್ತು ಆಸ್ತಿ ಹಾನಿಗೆ ಸಂಬಂಧಿಸಿದ್ದು. ವಾಹನ ವಾಪಸಾತಿಯ ಖರ್ಚನ್ನು ಅದು ಸಾಮಾನ್ಯವಾಗಿ ಹೊರಗಿಡುತ್ತದೆ, ಅದಕ್ಕೆ ಪ್ರತ್ಯೇಕ ರಕ್ಷಣೆ ಕೊಳ್ಳಬೇಕು. ಏಜೆಂಟರನ್ನು ಮೂರು ಪ್ರಶ್ನೆ ಕೇಳಿ: ಅಪಘಾತವಾದ ವರ್ಷದ ಪಾಲಿಸಿ ಅನ್ವಯಿಸುತ್ತದೋ ಅಥವಾ ಕ್ಲೇಮು ಬಂದ ವರ್ಷದ್ದೋ, ಕರಾರಿನಲ್ಲಿ ನಾವಾಗಿ ಒಪ್ಪಿಕೊಂಡ ಹೆಚ್ಚಿನ ಹೊಣೆ ಇದರಲ್ಲಿ ಸೇರಿದೆಯೋ, ದೂರು ಬಂದ ಎಷ್ಟು ದಿನದೊಳಗೆ ತಿಳಿಸಬೇಕು. ಉತ್ತರಗಳನ್ನು ಬಾಯಿಮಾತಿನಲ್ಲಿ ಕೇಳಿ ಬರದೆ, ಪಾಲಿಸಿಯ ಯಾವ ಪುಟದಲ್ಲಿದೆ ಎಂದು ಗುರುತು ಹಾಕಿಸಿಕೊಂಡು ಬನ್ನಿ, ಆ ಪುಟದ ಒಂದು ಪ್ರತಿಯನ್ನು ದೂರಿನ ಕಡತದಲ್ಲೇ ಇಡಿ.